ಕೈ ತೊಳೆಯದೆ ಒಳಬಂದ ಪ್ರೋಗ್ರಾಂ

ಹಗ್ಗ ತುಂಡಾದ ಸದ್ದಿಗೆ ಪರೀಕ್ಷಾ ಕೊಠಡಿಯ ಕಿಟಕಿ ಗಾಜುಗಳು ಗಡಗಡ ಅಂದು ಸುಮ್ಮನಾದವು.

ಕಬ್ಬಿಣದ ಜಾಲರಿಯ ಈಚೆ ನಿಂತಿದ್ದ ಇನ್ಸ್‌ಪೆಕ್ಟರಮ್ಮ ಕಿವಿಯಿಂದ ಬೆರಳು ತೆಗೆದಳು. ಪೊಲೀಸ್ ಯೂನಿಫಾರ್ಮ್ ಬಿಚ್ಚಿಟ್ಟು ಎಷ್ಟೋ ವರ್ಷವಾಗಿತ್ತು. ಬಟ್ಟೆ ಹೋದರೂ ಹೆಸರು ಹೋಗಿರಲಿಲ್ಲ. ತರಕಾರಿಯವನಿಂದ ಹಿಡಿದು ಸ್ವಂತ ಬೀಗರವರೆಗೆ ಎಲ್ಲರಿಗೂ ಆಕೆ ಇನ್ಸ್‌ಪೆಕ್ಟರಮ್ಮನೇ.

ಎಳೆಯುವ ಯಂತ್ರದ ಎರಡು ದವಡೆಗಳಿಂದ ಉಕ್ಕಿನ ಹಗ್ಗದ ತುಂಡುಗಳು ಎಳೆ ಬಿಚ್ಚಿಕೊಂಡು ನೇತಾಡುತ್ತಿದ್ದವು. ಕುಸಿದುಬಿದ್ದ ಲಿಫ್ಟಿಗೆ ಹಾಕಿದ್ದ ಸುರುಳಿಯಿಂದಲೇ ಕತ್ತರಿಸಿ ತಂದ ಹಗ್ಗ ಅದು. ಯಂತ್ರ ನಡೆಸುವ ಹೆಂಗಸನ್ನು ಲ್ಯಾಬಿನಲ್ಲಿ ಎಲ್ಲರೂ ಹಗ್ಗದಕ್ಕ ಎಂದು ಕರೆಯುತ್ತಿದ್ದರು. ಆಕೆ ಯಂತ್ರದ ಹಣೆಯ ಮೇಲಿದ್ದ ಹಳೆಯ ಗುಂಡು ಮೀಟರಿನ ಗಾಜನ್ನು ಸೆರಗಿನಿಂದ ಒರೆಸಿದಳು. ಮುಳ್ಳು ನಾಲ್ಕು ಟನ್ನಿನ ಗೆರೆಯ ಮೇಲೆ ನಿಂತಿತ್ತು.

ಪಕ್ಕದ ಕಂಪ್ಯೂಟರಿನ ಪರದೆಯಲ್ಲಿ ಐದು ಟನ್ ಎಂದಿತ್ತು. ಅದರ ಕೆಳಗೆ ಹಸಿರು ಅಕ್ಷರದಲ್ಲಿ, ಪಾಸ್.

"ಈ ಗುಂಡು ಮೀಟರನ್ನ ಯಾರೂ ನೋಡಲ್ಲಮ್ಮ ಈಗ," ಅಂದಳು ಹಗ್ಗದಕ್ಕ. "ವರದಿ ಕಂಪ್ಯೂಟರಿಂದ ಹೋಗುತ್ತೆ. ನಾನೂ ನೋಡೋದು ಬಿಟ್ಟಿದ್ದೆ."

ಆ ಹಸಿರು ಅಕ್ಷರವನ್ನು ನಂಬಿ ಲಿಫ್ಟಿನ ನೆತ್ತಿಯ ಮೇಲೆ ಹತ್ತಿದ್ದ ಮೆಕ್ಯಾನಿಕ್ ಈಗ ಎರಡು ಕಾಲಿಗೂ ಸಿಮೆಂಟು ಪಟ್ಟಿ ಹಾಕಿಸಿಕೊಂಡು ಆಸ್ಪತ್ರೆಯಲ್ಲಿದ್ದ. ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಇನ್ಸ್‌ಪೆಕ್ಟರಮ್ಮನ ತೀರಿಹೋದ ತಂಗಿಯ ಮಗ. ಗೂಬೆಯನ್ನು ಅವನ ತಲೆಯ ಮೇಲೆ ಕೂರಿಸಿ, ಬೆಳಗ್ಗೆಯಿಂದ ವಾಚ್‌ಮನ್ ಕೋಣೆಯಲ್ಲಿ ಇಟ್ಟಿದ್ದರು. ಸಂಜೆ ಐದಕ್ಕೆ ಪೊಲೀಸರು ಬಂದು ಕರೆದುಕೊಂಡು ಹೋಗುವುದೆಂದು ತೀರ್ಮಾನವಾಗಿತ್ತು.

ಆ ಹುಡುಗ ಎಂಟು ವರ್ಷದವನಿದ್ದಾಗ ಒಂದು ಚೀಲ, ಒಂದು ತಲೆದಿಂಬಿನ ಸಮೇತ ಆಕೆಯ ಮನೆಗೆ ಬಂದವನು. ಆಕೆಯ ಮಗಳ ಜೊತೆಗೇ ಬೆಳೆದ. ಮಾತು ಕಡಿಮೆ. ಲ್ಯಾಬಿನಲ್ಲಿ ಅವನಿಗೆ ಗುಮ್ಮಣ್ಣ ಎಂದು ಹೆಸರಿಟ್ಟಿದ್ದರು. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೆ ಎಂದು ಹೆದರುವವನ ಹಾಗೆ ಇರುತ್ತಿದ್ದವನು, ಆರೋಪ ಹೊರಿಸಿದ ಮೇಲಂತೂ ತುಟಿಯನ್ನೇ ಹೊಲಿದುಕೊಂಡಿದ್ದ.

"ಅವನ ಕಂಪ್ಯೂಟರ್ ಒಂದ್ಸಲ ತೋರ್ಸು," ಅಂದಳು ಇನ್ಸ್‌ಪೆಕ್ಟರಮ್ಮ.

ಆಕೆಗೆ ಕಂಪ್ಯೂಟರ್ ಅಂದರೆ ಅಷ್ಟಕ್ಕಷ್ಟೆ. ಆದರೆ ಕಳ್ಳತನದ ಬಗ್ಗೆ ತಿಳಿಯಬೇಕಾದರೆ ಮೊದಲು ಮನೆಯ ನಕ್ಷೆ ತಿಳಿಯಬೇಕು ಎಂಬುದು ಆಕೆಯ ಹಳೆಯ ಪಾಠ. ಅದಕ್ಕಾಗಿ ಬೆಳಗ್ಗೆ ಮಗಳ ಮನೆಗೆ ಹೋಗಿ ಅಳಿಯನ ಮುಂದೆ ಶಿಷ್ಯೆಯಾಗಿ ಕೂತಿದ್ದಳು. ಅಳಿಯ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು. ಪಾಠ ಹೇಳು ಅಂದರೆ ಸಾಕು, ಊಟ ಬಿಟ್ಟು ಹೇಳುವ ಜಾತಿ. ತಟ್ಟೆ ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಲೋಟ ಡಬ್ಬಿಗಳನ್ನು ಜೋಡಿಸಿ, ಲಿನಕ್ಸ್ ಕಂಪ್ಯೂಟರನ್ನು ಒಂದು ಮನೆ ಅಂದುಕೊಳ್ಳಿ ಅತ್ತೆ ಎಂದು ಶುರುಮಾಡಿದ್ದ.

ಅಡುಗೆಮನೆಯ ಕಪಾಟು ಇದೆಯಲ್ಲ, ಅದು ಲಿನಕ್ಸಿನ ಸ್ವಂತದ್ದು. ಅಲ್ಲಿಗೆ ಸಾಮಾನು ತರುವುದು, ಹಳೆಯದನ್ನು ಎಸೆಯುವುದು, ಹೊಸದನ್ನು ಜೋಡಿಸುವುದು ಎಲ್ಲ ಅದೇ ನೋಡಿಕೊಳ್ಳುತ್ತದೆ. ನೀವು ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪ್ರೋಗ್ರಾಮನ್ನು ಆ ಕಪಾಟಿನಲ್ಲಿ ಇಟ್ಟರೆ, ಮುಂದಿನ ಸಲ ಅದು ಕಪಾಟು ಜೋಡಿಸುವಾಗ ನಿಮ್ಮದನ್ನು ಎತ್ತಿ ಬಿಸಾಕಿದರೂ ಬಿಸಾಕಿತು. ಹೊರಗಿನಿಂದ ಬಂದ ದೊಡ್ಡ ಗಂಟನ್ನು ಹಾಗೇ ಇಡಿಯಾಗಿ ಅಟ್ಟದ ಮೇಲೆ ಇಡಬೇಕು. ಆ ಅಟ್ಟಕ್ಕೆ ಆಪ್ಟ್ ಅಂತ ಹೆಸರು. ಕೈಗೆ ಸುಲಭವಾಗಿ ಸಿಗಬೇಕಾದ ಸಣ್ಣಪುಟ್ಟದ್ದನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಡಬೇಕು. ಆ ಗೂಡಿಗೆ ಲೋಕಲ್ ಅಂತ ಹೆಸರು. ನಿಮಗೊಬ್ಬರಿಗೇ ಬೇಕಾದದ್ದಾದರೆ ನಿಮ್ಮ ಕೈಚೀಲ ಇದ್ದೇ ಇದೆ, ಯಾರನ್ನೂ ಕೇಳಬೇಕಿಲ್ಲ. ಅಟ್ಟಕ್ಕೂ ಗೂಡಿಗೂ ಕೈ ಹಾಕಬೇಕಾದರೆ ಮಾತ್ರ ಮನೆ ಯಜಮಾನನ ಬೀಗದಕೈ ಬೇಕು, ಅಂದರೆ ಮಾಸ್ಟರ್ ಪಾಸ್‌ವರ್ಡ್.

"ಯಾವುದಾದ್ರೂ ಪ್ರೋಗ್ರಾಂ ಹೆಸರು ಕೂಗಿದ್ರೆ ಕಂಪ್ಯೂಟರ್ ಮೊದಲು ಗೂಡು ನೋಡುತ್ತೆ, ಆಮೇಲೆ ಕಪಾಟು," ಎಂದಿದ್ದ ಅಳಿಯ.

ನಿಮಗೆ ಆ ಲ್ಯಾಬಿನ ಕಂಪ್ಯೂಟರ್ ಪರಿಚಯ ಇದೆಯೇ ಎಂದು ಇನ್ಸ್‌ಪೆಕ್ಟರಮ್ಮ ಕೇಳಿದ್ದಳು. ಆ ಕಡೆ ತಲೆ ಹಾಕಿಯೂ ಮಲಗಿಲ್ಲ ಅತ್ತೆ, ಎಂದು ಅವನು ನಕ್ಕಿದ್ದ. ಮಗಳು ಆಗ ಮಗುವನ್ನು ಸ್ಕೂಲಿಗೆ ಕಳಿಸಿ, ಕೆಲಸಕ್ಕೆ ಹೊರಟು ಚಪ್ಪಲಿ ಹುಡುಕುತ್ತಿದ್ದಳು. ಲಿಫ್ಟು, ಪಂಪು, ಮೋಟಾರಿನ ಸಾಮಾನು ಮಾರುವ ಏಜೆನ್ಸಿಯೊಂದರಲ್ಲಿ ಅವಳಿಗೆ ಕೆಲಸ. ಅಮ್ಮನಿಗೆ ಇಷ್ಟು ವಯಸ್ಸಾದ ಮೇಲೆ ಕಂಪ್ಯೂಟರ್ ಪಾಠ ಯಾಕೆ ಎಂದು ಗೊಣಗಿಕೊಂಡು, ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಹೋಗಿದ್ದಳು.

ಈಗ ಗುಮ್ಮಣ್ಣನ ಕುರ್ಚಿಯಲ್ಲಿ ಕೂತು ಇನ್ಸ್‌ಪೆಕ್ಟರಮ್ಮ ಆ ಮನೆಯನ್ನು ಕಣ್ಣಾರೆ ನೋಡಿದಳು. ಗುಮ್ಮಣ್ಣನ ಅಟ್ಟ ಅಚ್ಚುಕಟ್ಟಾಗಿತ್ತು. ಎಳೆಯುವ ಯಂತ್ರ ಮಾಡಿದ ಕಂಪನಿಯಿಂದ ಇಳಿಸಿಕೊಂಡ ಪ್ರೋಗ್ರಾಂ ಅಲ್ಲಿ ತನ್ನದೇ ಫೋಲ್ಡರಿನಲ್ಲಿ ಇಡಿಯಾಗಿ ಕೂತಿತ್ತು. ಬಾಗಿಲ ಪಕ್ಕದ ಗೂಡಿನಲ್ಲಿ ಅದರ ಹೆಸರಿನ ಒಂದು ಕೊಂಡಿಯಷ್ಟೇ ಇರಬೇಕಿತ್ತು; ಹೆಸರು ಕೂಗಿದರೆ ಅಟ್ಟದ ಮೇಲಿರುವುದನ್ನು ತೋರಿಸುವ ಕೊಂಡಿ. ಅದು ಗುಮ್ಮಣ್ಣನ ಪದ್ಧತಿ ಎಂದು ಹಗ್ಗದಕ್ಕ ಹೇಳಿದಳು.

ಗೂಡಿನಲ್ಲಿ ಕೊಂಡಿ ಇರಲಿಲ್ಲ. ಅದೇ ಹೆಸರು ಹೊತ್ತ ಬೇರೊಂದು ಪ್ರೋಗ್ರಾಂ ಕೂತಿತ್ತು.

ಅದು ಮಾಡುತ್ತಿದ್ದದ್ದು ಏನೆಂದು ಹೋದ ವಾರವೇ ಗೊತ್ತಾಗಿತ್ತು. ಅಟ್ಟದ ಮೇಲಿನ ಅಸಲಿ ಪ್ರೋಗ್ರಾಮನ್ನು ತಾನೇ ಕರೆದು ಲೆಕ್ಕ ಮಾಡಿಸುವುದು, ಹಗ್ಗ ಒಂದು ನಿರ್ದಿಷ್ಟ ಕಾರ್ಖಾನೆಯದ್ದಾದರೆ ಬಂದ ಲೆಕ್ಕಕ್ಕೆ ಒಂದು ಪಾಲು ಸೇರಿಸಿ ಪರದೆಗೆ ಕಳಿಸುವುದು. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಮನೆಯವನೇ ತಾನೆಂದು ಹೇಳಿಕೊಳ್ಳುವ ಠಕ್ಕ. ಗೂಡಿನ ಬೀಗದಕೈ ಗುಮ್ಮಣ್ಣನ ಹತ್ತಿರ ಮಾತ್ರ ಇತ್ತು, ಆದ್ದರಿಂದ ಕಳ್ಳ ಅವನೇ ಎಂದು ನಿರ್ದೇಶಕರು ಕಡತ ಮುಚ್ಚಿದ್ದರು.

"ಇವ್ರೆಲ್ಲ ಅದು ಎಲ್ಲಿದೆ ಅಂತ ನೋಡಿದ್ದಾರೆ," ಅಂದಳು ಇನ್ಸ್‌ಪೆಕ್ಟರಮ್ಮ. "ಯಾರದ್ದು ಅಂತ ನೋಡಿದ್ದಾರಾ?"

ಅಳಿಯ ಬೆಳಗ್ಗೆ ಕೊನೆಗೆ ಹೇಳಿದ್ದು ಆಕೆಯ ತಲೆಯಲ್ಲಿ ಕೂತಿತ್ತು. ಲಿನಕ್ಸಿನಲ್ಲಿ ಪ್ರತಿಯೊಂದು ಸಾಮಾನಿಗೂ ಒಡೆಯನೊಬ್ಬ ಇರುತ್ತಾನೆ. ಆ ಒಡೆಯನಿಗೊಂದು ನಂಬರು. ಎಲ್ಲೋ ಕಟ್ಟಿಕೊಂಡು ಬಂದ ಗಂಟನ್ನು ಸಾಧಾರಣ ಜನ ಬಿಚ್ಚಿದರೆ ಸಾಮಾನು ಬಿಚ್ಚಿದವನದಾಗುತ್ತದೆ. ಯಜಮಾನನ ಬೀಗದಕೈ ಹಿಡಿದು ಬಿಚ್ಚಿದರೆ ಹಾಗಲ್ಲ, ಗಂಟು ಕಟ್ಟಿದವನ ನಂಬರೇ ಉಳಿದುಬಿಡುತ್ತದೆ. ಆ ನಂಬರಿನವನು ಈ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಬರೀ ನಂಬರು ಕಾಣುತ್ತದೆ. ಗೊತ್ತಿದ್ದವರು ಬಿಚ್ಚಿದ ಕೂಡಲೇ ಒಡೆತನ ಬದಲಾಯಿಸುತ್ತಾರೆ, ಅವಸರದವರು ಮರೆಯುತ್ತಾರೆ ಎಂದಿದ್ದ.

ಹಗ್ಗದಕ್ಕ ಗೂಡಿನಲ್ಲಿದ್ದ ಎಲ್ಲದರ ಒಡೆಯರನ್ನು ಪರದೆಯ ಮೇಲೆ ಸಾಲಾಗಿ ತಂದಳು. ಎಲ್ಲದರ ಎದುರಿಗೂ ಯಜಮಾನನ ಹೆಸರೇ ಇತ್ತು. ಒಂದರ ಎದುರಿಗೆ ಮಾತ್ರ ಹೆಸರಿಲ್ಲ. ೨೪೧೬ ಎಂದಿತ್ತು.

ಹಗ್ಗದಕ್ಕ ಕುರ್ಚಿ ಹತ್ತಿರ ಎಳೆದುಕೊಂಡಳು. "ಇದು ಗುಮ್ಮಣ್ಣನ ಕೆಲಸ ಅಲ್ಲಮ್ಮ. ಅವ್ನು ಏನೇ ಇಳಿಸ್ಕೊಂಡ್ರೂ ಮೊದ್ಲು ಒಡೆತನ ಬದಲಾಯಿಸ್ತಾನೆ. ಬದಲಾಯಿಸಿ ನನ್ ಕಡೆ ತಿರುಗಿ 'ಕೈ ತೊಳೆದಾಯ್ತು' ಅಂತಾನೆ. ದಿನಕ್ಕೆ ಅವ್ನು ಆಡೋದೇ ಅದೊಂದು ಮಾತು."

ಇನ್ಸ್‌ಪೆಕ್ಟರಮ್ಮ ಆ ಮಾತಿನ ಗುರುತು ಹಿಡಿದಳು. ಬೀದಿಯಲ್ಲಿ ಆಡಿ ಬಂದ ಇಬ್ಬರು ಮಕ್ಕಳನ್ನು ನಲ್ಲಿಯ ಮುಂದೆ ನಿಲ್ಲಿಸಿ, ಕೈ ತೊಳೆದಾಯ್ತಾ ಎಂದು ದಿನಾ ಗದರಿಸುತ್ತಿದ್ದವಳು ಆಕೆಯೇ. ಮಗಳು ಒದ್ದೆ ಮಾಡಿದ ಹಾಗೆ ಮಾಡಿ ಓಡುತ್ತಿದ್ದಳು. ಈ ಹುಡುಗ ಬೆರಳ ಸಂದಿಯನ್ನೂ ಬಿಡದೆ ತಿಕ್ಕುತ್ತಿದ್ದ. ಆ ಪದ್ಧತಿ ಅವನ ಜೊತೆ ಇಷ್ಟು ದೂರ ಬಂದಿದೆ ಎಂದು ಆಕೆಗೆ ಗೊತ್ತಿರಲಿಲ್ಲ.

ಆಕೆ ಬಾಲ್‌ಪೆನ್ನಿನಿಂದ ಎಡಗೈ ಅಂಗೈಯಲ್ಲಿ ನಂಬರು ಬರೆದುಕೊಂಡಳು. ಅದು ಸ್ಟೇಷನ್ನಿನ ಕಾಲದ ಚಾಳಿ. ಕಾಗದ ಕಳೆದುಹೋಗಬಹುದು, ಕೈ ಎಲ್ಲಿಗೂ ಹೋಗುವುದಿಲ್ಲ.

ನಿರ್ದೇಶಕರ ಕೋಣೆಯಲ್ಲಿ ಏಸಿ ಎಷ್ಟು ಜೋರಾಗಿತ್ತೆಂದರೆ ಮಾತಾಡುವವರ ಹಲ್ಲು ಕಟಕಟ ಅನ್ನಬೇಕು. ಅವರು ಒಳ್ಳೆಯ ಮನುಷ್ಯರೇ. ಆದರೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಪೈಕಿ. ಲ್ಯಾಬಿನ ಹೆಸರು ಉಳಿಯಬೇಕು, ಅದಕ್ಕೊಬ್ಬ ಕಳ್ಳ ಬೇಕು, ಕಳ್ಳ ಸಿಕ್ಕಿದ್ದಾನೆ, ಇನ್ನು ಮೇಡಂ ಯಾಕೆ ಇಷ್ಟು ಓಡಾಡುತ್ತಿದ್ದಾರೆ ಎಂಬುದು ಅವರ ಮುಖದಲ್ಲೇ ಬರೆದಿತ್ತು.

ಇನ್ಸ್‌ಪೆಕ್ಟರಮ್ಮ ಕೂತುಕೊಳ್ಳಲಿಲ್ಲ. ಗೂಡಿನ ವಿಷಯ, ನಂಬರಿನ ವಿಷಯ, ಹುಡುಗನ ಪದ್ಧತಿಯ ವಿಷಯ ಮೂರನ್ನೂ ಹೇಳಿದಳು. ನಿರ್ದೇಶಕರು ಪೂರ್ತಿ ಕೇಳಿ, ಪದ್ಧತಿ ಅನ್ನುವುದು ಸಾಕ್ಷಿಯಲ್ಲ, ಅವಸರದಲ್ಲಿ ಅವನೂ ಮರೆತಿರಬಹುದು, ಪಾಸ್‌ವರ್ಡ್ ಇದ್ದದ್ದು ಅವನೊಬ್ಬನ ಹತ್ತಿರ ಎಂಬುದನ್ನು ಮರೆಯಬಾರದು ಎಂದರು.

"ಒಂದಿನ ಅವ್ನು ಜ್ವರ ಬಂದು ಮಲಗಿದ್ರೆ ಲ್ಯಾಬಿಗೆ ಬೀಗ ಹಾಕ್ತಿದ್ರಾ ಸಾರ್?" ಎಂದು ಕೇಳಿದಳು.

"ಹಾಗೇನಿಲ್ಲ..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ನಿರ್ದೇಶಕರ ಕಣ್ಣು ಒಂದು ಗಳಿಗೆ ಮೇಜಿನ ಡ್ರಾಯರಿಗೂ ಪೆನ್ನಿನ ಡಬ್ಬಿಗೂ ಹೋಗಿ ಬಂತು. ಇಪ್ಪತ್ತೈದು ವರ್ಷ ಕಳ್ಳರ ಕಣ್ಣು ನೋಡಿ ಸಂಬಳ ತೆಗೆದುಕೊಂಡವಳಿಗೆ ಅಷ್ಟು ಸಾಕಾಗಿತ್ತು. ಆಕೆ ಕೈ ಚಾಚಿ, ಪೆನ್ನು ನಿಲ್ಲಿಸುವ ಡಬ್ಬಿಯನ್ನು ಮೇಜಿನ ಮೇಲೆ ಮಗುಚಿದಳು. ಪೆನ್ನುಗಳ ಜೊತೆ ಒಂದು ಪುಟ್ಟ ಬೀಗದಕೈ ಬಿತ್ತು. ಅದನ್ನು ಅವರ ಕಡೆಗೇ ಸರಿಸಿ, ನೀವೇ ತೆಗೆಯಿರಿ ಎಂದಳು.

ಡ್ರಾಯರಿನ ಒಳಗೋಡೆಗೆ ಟೇಪಿನಿಂದ ಅಂಟಿಸಿದ ಚೀಟಿ ಇತ್ತು. ಮಾಸ್ಟರ್ ಪಾಸ್‌ವರ್ಡ್ ಅದರ ಮೇಲೆ ದಪ್ಪಕ್ಷರದಲ್ಲಿತ್ತು.

ನಿರ್ದೇಶಕರ ಕಿವಿ ಕೆಂಪಾಯಿತು. ತುರ್ತಿಗೆ ಇರಲಿ ಎಂದು ಗುಮ್ಮಣ್ಣನಿಂದ ಬರೆಸಿಕೊಂಡಿದ್ದರಂತೆ. ಹಾಗೆ ಇಡಬೇಡಿ ಎಂದು ಅವನು ಬೇಡಿಕೊಂಡಿದ್ದನಂತೆ. ಅದನ್ನು ತನಿಖೆಯಲ್ಲಿ ಹೇಳದೆ ಇದ್ದದ್ದು ತಪ್ಪೇ, ಒಪ್ಪಿಕೊಳ್ಳುತ್ತೇನೆ ಎಂದರು.

ಈ ಕೋಣೆಯಲ್ಲಿ ಒಬ್ಬರೇ ಕೂತುಕೊಳ್ಳುವಷ್ಟು ಸಲಿಗೆ ಯಾರು ಯಾರಿಗೆ ಇದೆ ಎಂದು ಇನ್ಸ್‌ಪೆಕ್ಟರಮ್ಮ ಕೇಳಿದಳು. ನಿರ್ದೇಶಕರು ಹಣೆ ಉಜ್ಜಿಕೊಂಡರು. ಏಸಿ ರಿಪೇರಿಯವನು ಬರುತ್ತಾನೆ. ಹಗ್ಗದ ಕಾರ್ಖಾನೆಗಳವರು, ಏಜೆನ್ಸಿಗಳವರು ವರದಿಗೆ ಕಾದು ಕೂತಿರುತ್ತಾರೆ. ಹೊರಗೆ ಸೆಕೆ ಎಂದು ತಾವೇ ಒಳಗೆ ಕೂರಿಸಿ ಊಟಕ್ಕೆ ಹೋದದ್ದೂ ಉಂಟು. ಗುಡಿಸುವವಳು, ಆಡಿಟಿನವರು. ಊರಿಗೇ ಬಾಗಿಲು ತೆರೆದಿಟ್ಟು ವಾಚ್‌ಮನ್ನನ್ನು ಬೈದ ಹಾಗಾಯಿತು ಎಂದು ಇನ್ಸ್‌ಪೆಕ್ಟರಮ್ಮ ಮನಸ್ಸಿನಲ್ಲೇ ಅಂದುಕೊಂಡಳು.

"ನಾಳೆವರೆಗೆ ಟೈಮ್ ಕೊಡಿ," ಅಂದಳು. "ಈ ನಂಬರು ಯಾವ ಕಂಪ್ಯೂಟರಲ್ಲಿ ಯಾರದು ಅಂತ ಹುಡುಕ್ತೀನಿ."

"ಆಗಲ್ಲ ಮೇಡಂ. ಐದಕ್ಕೆ ಅವ್ರು ಬರ್ತಾರೆ. ಹೆಸರಿಲ್ಲದ ನಂಬರನ್ನ ಪೊಲೀಸರ ಕೈಗೆ ಕೊಡೋಕಾಗಲ್ಲ." ಅವರು ಡ್ರಾಯರ್ ಮುಚ್ಚಿದರು. "ಅಷ್ಟರೊಳಗೆ ಆ ನಂಬರಿಗೊಂದು ಹೆಸರು ಕೊಡಿ. ಈ ಚೀಟಿ ವಿಷಯ ನಾನೇ ಬರೆದು ಕೊಡ್ತೀನಿ, ನಿಮ್ಮ ಹುಡುಗನ್ನ ಆ ನಿಮಿಷವೇ ಮನೆಗೆ ಕಳಿಸ್ತೀನಿ. ಇಲ್ಲದಿದ್ರೆ ಹೆಸರಿರೋನನ್ನೇ ಕೊಡ್ಬೇಕಾಗುತ್ತೆ."

ವಾಚ್‌ಮನ್ ಕೋಣೆಯಲ್ಲಿ ಒಂದು ಬೆಂಚು, ಒಂದು ಫ್ಯಾನು. ಫ್ಯಾನು ತಿರುಗುತ್ತಿರಲಿಲ್ಲ. ಗುಮ್ಮಣ್ಣ ಬೆಂಚಿನ ತುದಿಯಲ್ಲಿ, ಬೇರೆಯವರಿಗೂ ಜಾಗ ಇರಲಿ ಅನ್ನುವ ಹಾಗೆ ಕೂತಿದ್ದ. ತಂದಿಟ್ಟ ಟೀ ಮೇಲೆ ಕೆನೆ ಕಟ್ಟಿತ್ತು.

ಇನ್ಸ್‌ಪೆಕ್ಟರಮ್ಮ ಪಕ್ಕದಲ್ಲಿ ಕೂತು ಅವನ ಬೆನ್ನ ಮೇಲೆ ಕೈಯಿಟ್ಟಳು. ಆಕೆಗೆ ಸಂತೋಷವಾಗಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ನೀನು ಕೈ ತೊಳೆದೇ ಒಳಗೆ ಬರುವವನು ಮಗಾ, ಅದೇ ನಿನ್ನನ್ನು ಕಾಪಾಡಿತು ಎಂದಳು. ಡ್ರಾಯರಿನ ಚೀಟಿ ಸಿಕ್ಕಿದ್ದನ್ನು ಹೇಳಿದಳು. ಠಕ್ಕ ಪ್ರೋಗ್ರಾಂ ತನ್ನ ಒಡೆಯನ ನಂಬರನ್ನು ಹಣೆಯ ಮೇಲೆ ಹೊತ್ತುಕೊಂಡೇ ಬಂದಿದೆ, ಇಲ್ಲಿ ನೋಡು ಎಂದು ಅಂಗೈ ಬಿಚ್ಚಿ ಅವನ ಮುಂದೆ ಹಿಡಿದಳು.

ಅವನು ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ತಣ್ಣಗಾದ ಟೀ ಎತ್ತಿ ಒಂದೇ ಗುಟುಕಿಗೆ ಕುಡಿದು ಲೋಟವನ್ನು ಬೆಂಚಿನ ಕೆಳಗಿಟ್ಟ.

"ನಿಂಗೆ ಮೊದಲೇ ಗೊತ್ತಿತ್ತಾ ಈ ನಂಬರು?"

"ಗೂಡಲ್ಲಿ ನೋಡಿದ್ದೆ." ಆಕೆಯ ಬೆರಳುಗಳನ್ನು ತಾನೇ ಮಡಚಿದ. "ಇದನ್ನ ಹುಡ್ಕೋದು ಬೇಡ ದೊಡ್ಡಮ್ಮ."

"ಏನು ಬೇಡ? ಐದಕ್ಕೆ ಜೀಪು ಬರುತ್ತೆ ಕಣೋ."

"ಬರ್ಲಿ. ನಾನೇ ಅಂತ ಬರ್ಕೊಳ್ಳಲಿ."

ಇದಕ್ಕಿಂತ ಹೆಚ್ಚು ಮಾತು ಅವನಿಂದ ಹೊರಡಲಿಲ್ಲ. ಬೈದಳು, ಬೇಡಿಕೊಂಡಳು, ತೀರಿಹೋದ ತಂಗಿಯ ಹೆಸರು ಎತ್ತಿದಳು. ಅವನು ನೆಲ ನೋಡುತ್ತಾ ಕೂತ. ಯಾರಿಗೋ ಹೆದರಿದ್ದಾನೆ ಎಂದು ಆಕೆಗೆ ಅನ್ನಿಸಿತು. ಹಗ್ಗದ ಕಾರ್ಖಾನೆಯ ಕಡೆಯ ಗೂಂಡಾಗಳು ಅವನನ್ನು ಬೆದರಿಸಿರಬೇಕು. ಈ ಹುಡುಗನ ಮೇಲೆ ಕೈ ಮಾಡಿದವರನ್ನು ತಾನು ಬಿಡುವವಳಲ್ಲ ಎಂದುಕೊಂಡು ಎದ್ದಳು. ಬಾಗಿಲು ದಾಟುವಾಗ ಅವನು ಹಿಂದಿನಿಂದ ಒಂದು ಮಾತು ಕೇಳಿದ.

"ಅಕ್ಕ ಹೇಗಿದಾಳೆ?"

ಚೆನ್ನಾಗಿದ್ದಾಳೆ, ನಿನ್ನ ಚಿಂತೆ ಮಾಡು ಎಂದು ಆಕೆ ಗದರಿಕೊಂಡಳು.

ಮಗಳ ಮನೆಗೆ ಹೋದಾಗ ನಾಲ್ಕು ಗಂಟೆ ದಾಟಿತ್ತು. ಮಗಳು ತಲೆನೋವೆಂದು ಕೆಲಸದಿಂದ ಬೇಗ ಬಂದಿದ್ದಳಂತೆ. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಅಳಿಯ ಬೀದಿ ಕೊನೆಯ ಅಂಗಡಿಗೆ ಹೋಗಿದ್ದ. ಈಗ ಬರುತ್ತಾರೆ ಕೂತ್ಕೋ ಎಂದು ಮಗಳು ನಲ್ಲಿಯ ಸದ್ದಿನ ಮೇಲಿಂದ ಕೂಗಿ ಹೇಳಿದಳು, ಹೊರಗೆ ಬರಲಿಲ್ಲ.

ಮೇಜಿನ ಮೇಲೆ ಅಳಿಯನ ಲ್ಯಾಪ್‌ಟಾಪ್ ತೆರೆದಿತ್ತು. ಬೆಳಗ್ಗೆ ಪಾಠ ಹೇಳಿದ್ದು ಅದರಲ್ಲೇ. ಯಾರ ನಂಬರು ಎಷ್ಟೆಂದು ಕಂಪ್ಯೂಟರನ್ನು ಕೇಳಬೇಕಾದರೆ ಐಡಿ ಎಂದು ಎರಡೇ ಅಕ್ಷರ ಒತ್ತಿ ಎಂಟರ್ ಹೊಡೆಯಿರಿ ಅತ್ತೆ, ಕಂಪ್ಯೂಟರ್ ಉತ್ತರ ಕೊಡುತ್ತದೆ ಎಂದಿದ್ದ. ಆಕೆಗೆ ಮರೆತುಹೋದೀತೆಂಬ ಭಯ. ಮುಂದೆ ಹಗ್ಗದ ಕಾರ್ಖಾನೆಗೆ ಹೋಗಿ ಅವರ ಕಂಪ್ಯೂಟರಿನ ಮುಂದೆ ತಡಬಡಾಯಿಸುವುದಕ್ಕಿಂತ ಇಲ್ಲೇ ಒಂದು ಸಲ ಕೈ ಪಳಗಿಸಿಕೊಳ್ಳುವುದು ಮೇಲು. ಒಂದೇ ಬೆರಳಿನಲ್ಲಿ ಎರಡಕ್ಷರ ಹುಡುಕಿ ಒತ್ತಿದಳು.

ಉತ್ತರ ಬಂತು. ಮೊದಲು ಒಂದು ನಂಬರು, ಅದರ ಪಕ್ಕದಲ್ಲಿ ಅಳಿಯನ ಹೆಸರು.

ಇನ್ಸ್‌ಪೆಕ್ಟರಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. ಎಡಗೈ ಬಿಚ್ಚಿ ಪರದೆಯ ಪಕ್ಕದಲ್ಲಿ ಹಿಡಿದಳು. ೨೪೧೬. ಅಲ್ಲೂ ಅದೇ, ಇಲ್ಲೂ ಅದೇ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಅನ್ನುವ ಗಾದೆಗೆ ನಗುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ.

ಆಗ ನೆನಪಾಯಿತು. ಪಾಲಿಟೆಕ್ನಿಕ್‌ನಲ್ಲಿ ಒಬ್ಬೊಬ್ಬ ಮೇಷ್ಟ್ರಿಗೂ ಒಂದೊಂದು ನಂಬರು, ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಸಬೇಕು ಎಂದು ಅಳಿಯ ಹೋದ ವರ್ಷ ಗೊಣಗಿದ್ದ. ಹಾಕಿಕೊಟ್ಟವನು ಗುಮ್ಮಣ್ಣ. ಇದೇ ಮೇಜಿನ ಮುಂದೆ, ಇದೇ ಕುರ್ಚಿಯಲ್ಲಿ ಕೂತು. ಅವನು ಗೂಡಿನಲ್ಲಿ ಆ ನಂಬರನ್ನು ಕಂಡ ದಿನವೇ ಯಾರದೆಂದು ತಿಳಿದುಕೊಂಡಿದ್ದ, ಬಾಯಿ ಮುಚ್ಚಿಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದ.

ಅಳಿಯ ಬಾಗಿಲು ತಳ್ಳಿಕೊಂಡು ಬಂದ. ಕೈಯಲ್ಲಿ ಬ್ರೆಡ್ಡು, ಮುಖದಲ್ಲಿ ಬೆಳಗಿನ ಅದೇ ಉತ್ಸಾಹ.

"ಏನತ್ತೆ, ಸಿಕ್ತಾ ನಂಬರು?"

ಆಕೆ ಅಂಗೈ ತೋರಿಸಿದಳು. ಅವನು ಬಗ್ಗಿ ಓದಿದ. ಪರದೆ ಕಡೆ ನೋಡಿದ. ಬ್ರೆಡ್ಡನ್ನು ಕುರ್ಚಿಯ ಮೇಲಿಟ್ಟು, ಅದೇ ಕುರ್ಚಿಯ ಮೇಲೆ ಕೂರಲು ಹೋಗಿ, ಎದ್ದು ನಿಂತ. ಇಷ್ಟು ದಿನ ತಾನು 'ಅಳಿಯ ಅಲ್ಲ ಮಗಳ ಗಂಡ' ಎಂದು ತಮಾಷೆ ಮಾಡುತ್ತಿದ್ದ ಮನುಷ್ಯನ ಮುಖವನ್ನು ಆಕೆ ಈಗ ಸ್ಟೇಷನ್ನಿನ ಬಲ್ಬಿನ ಕೆಳಗೆ ನೋಡುವಂತೆ ನೋಡಿದಳು. ಕಳ್ಳನ ಮುಖ ಕಾಣಲಿಲ್ಲ. ಹೆದರಿದ ಮುಖ ಕಂಡಿತು.

"ಇದು ನಂದೇ," ಎಂದ. "ಗಂಟು ಕಟ್ಟಿದ್ದೂ ನಾನೇ ಇರ್ಬೇಕು. ಆದ್ರೆ ಅಲ್ಲಿ ಬಿಚ್ಚಿದ್ದು ನಾನಲ್ಲ ಅತ್ತೆ. ಅದನ್ನ ಲ್ಯಾಬಿಗೆ ಅಂತ ಮಾಡಿದ್ದೂ ಅಲ್ಲ."

ಇನ್ನೊಂದು ಪ್ರೋಗ್ರಾಮನ್ನು ಕರೆದು, ಅದು ಕೊಡುವ ಕೋಷ್ಟಕದಲ್ಲಿ ಒಂದು ಹೆಸರು ಬಂದರೆ ಅದರ ಎದುರಿನ ಸಂಖ್ಯೆಗೆ ಒಂದು ಪಾಲು ಸೇರಿಸಿ ತೋರಿಸುವ ಪುಟ್ಟ ಪ್ರೋಗ್ರಾಂ ಬರೆದುಕೊಡಿ ಎಂದು ಕೇಳಿದ್ದರಂತೆ. ಆಫೀಸಿನ ಬೆಲೆಪಟ್ಟಿಗೆ ಬೇಕು ಎಂದಿದ್ದರಂತೆ. ಅರ್ಧ ದಿನದ ಕೆಲಸ, ಬರೆದು ಗಂಟು ಕಟ್ಟಿ ಪೆನ್ ಡ್ರೈವಿಗೆ ಹಾಕಿಕೊಟ್ಟು ಮರೆತೇಬಿಟ್ಟಿದ್ದನಂತೆ. ಬೆಳಗ್ಗೆ ಪಾಠ ಹೇಳುವಾಗ ಕೂಡ ಅದು ತಲೆಗೆ ಹೊಳೆಯಲಿಲ್ಲ ಎಂದು ಅವನು ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

"ಯಾರು ಕೇಳಿದ್ದು?"

ಅವನು ಅಡುಗೆಮನೆಯ ಕಡೆ ನೋಡಬಾರದೆಂದು ಕಿಟಕಿಯ ಕಡೆ ನೋಡಿದ. ಒಳಗೆ ಆಗಲೇ ನಲ್ಲಿಯ ಸದ್ದು ನಿಂತಿತ್ತು. ಯಾವಾಗ ನಿಂತಿತೆಂದು ಇನ್ಸ್‌ಪೆಕ್ಟರಮ್ಮ ಗಮನಿಸಿರಲಿಲ್ಲ.

ಮಗಳು ಬಾಗಿಲಲ್ಲಿ ನಿಂತಿದ್ದಳು. ಕೈ ಒರೆಸಿಕೊಂಡಿರಲಿಲ್ಲ, ಸೋಪಿನ ನೀರು ಮೊಣಕೈಯಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಅವರನ್ನ ಕೇಳ್ಬೇಡಮ್ಮ. ಮಾಡಿಸ್ಕೊಂಡೋಳು ನಾನು. ಲ್ಯಾಬಲ್ಲಿ ಹಾಕಿದ್ದೂ ನಾನೇ, ನಿರ್ದೇಶಕರು ಊಟಕ್ಕೆ ಹೋದಾಗ ಅವರ ಕಂಪ್ಯೂಟರಿಂದ."

ಇನ್ಸ್‌ಪೆಕ್ಟರಮ್ಮನಿಗೆ ಮೊದಲು ನೆನಪಾದದ್ದು ನಲ್ಲಿಯ ಮುಂದೆ ಕೈ ಒದ್ದೆ ಮಾಡಿದ ಹಾಗೆ ಮಾಡಿ ಓಡಿಹೋಗುತ್ತಿದ್ದ ಹುಡುಗಿ. ಕಂಪ್ಯೂಟರಿನ ಮುಂದೆ ಕೂತರೆ ಬೆವರುವ ನಿನಗೆ ಅದನ್ನು ಎಲ್ಲಿಡಬೇಕು, ಹೇಗೆ ಬಿಚ್ಚಬೇಕು ಎಂದು ಯಾರು ಹೇಳಿಕೊಟ್ಟರು ಎಂದು ಕೇಳಿದಳು. ಸ್ವರ ತನ್ನದೇ ಎಂದು ಆಕೆಗೆ ಅನ್ನಿಸಲಿಲ್ಲ.

"ಅದೊಂದನ್ನ ಈಗ ಕೇಳ್ಬೇಡ," ಅಂದಳು ಮಗಳು. "ಹೇಳಿದ್ರೆ ನಾಳೆ ನನ್ನ ಮಗು ಸ್ಕೂಲಿಂದ ವಾಪಸ್ ಬರೋದಿಲ್ಲ."

ಮೇಜಿನ ಮೇಲೆ ಇನ್ಸ್‌ಪೆಕ್ಟರಮ್ಮನ ಫೋನು ಬಡಿದುಕೊಂಡಿತು. ಲ್ಯಾಬಿನ ನಂಬರು. ಅಳಿಯ ಬೇಡ ಎಂದು ಕೈ ಮಾಡಿದ. ಆಕೆ ಎತ್ತಿದಳು.

ಫೋನಿನ ಆ ಕಡೆ ಜೀಪಿನ ಬಾಗಿಲು ಹಾಕಿದ ಸದ್ದು ಕೇಳುತ್ತಿತ್ತು. ನಿರ್ದೇಶಕರು, ಅವರು ಬಂದಾಯಿತು ಮೇಡಂ, ಹುಡುಗ ಸಹಿ ಹಾಕಲು ಪೆನ್ನು ಕೇಳುತ್ತಿದ್ದಾನೆ ಎಂದರು. ಆಮೇಲೆ ಕೇಳಿದರು.

"ನಂಬರಿಗೆ ಹೆಸರು ಸಿಕ್ತಾ?"

ಇನ್ಸ್‌ಪೆಕ್ಟರಮ್ಮ ಮಗಳ ಒದ್ದೆ ಕೈಗಳನ್ನೇ ನೋಡುತ್ತಿದ್ದಳು.

"ಸಿಕ್ತು," ಅಂದಳು.